ವಿಮಾನಪುರದ ನಾಲ್ಕು ಗೋಣಿಚೀಲ

‘ಶೋಲೆ’ ನೋಡದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಈ ಪುಟ ಮಡಚಿ ಪಕ್ಕದವರ ಕೈಗೆ ಕೊಟ್ಟು, ಬಂದ ಬಸ್ಸು ಹತ್ತಿ ಹೊರಟುಬಿಡಿ! ಉಳಿದವರು ಹತ್ತಿರ ಬನ್ನಿ. ಆ ಚಿತ್ರದ ಸ್ನೇಹದ ಹಾಡಿನಲ್ಲಿ ಧರ್ಮೇಂದ್ರ, ಅಮಿತಾಭ್ ಇಬ್ಬರೂ ಪ್ರಪಂಚದ ಚಿಂತೆಯೆಲ್ಲ ಬಿಟ್ಟು ಒಂದು ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಾರಲ್ಲ, ಪಕ್ಕದಲ್ಲಿ ತೊಟ್ಟಿಲು ಕಟ್ಟಿಕೊಂಡ ಗಾಡಿ, ಅದರ ಹೆಸರು ಬಿ.ಎಸ್.ಎ. ಎಂ-20. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1942ರಲ್ಲಿ ತಯಾರಾದ ಸರಕು. ಎಲ್ಲರೂ ನಾಯಕರಿಬ್ಬರನ್ನು ನೋಡಿದರು. ನನ್ನಂಥ ನಾಲ್ಕು ಹುಚ್ಚರು ಮಾತ್ರ ಗಾಡಿಯನ್ನು ನೋಡಿದೆವು.

ಆ ಚಿತ್ರ ತೆಗೆದದ್ದು ಎಲ್ಲಿ? ನಮ್ಮ ರಾಮನಗರದ ರಾಮದೇವರ ಬೆಟ್ಟದ ತಪ್ಪಲಲ್ಲಿ. ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆ 2025ರ ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದಲ್ಲಿ ಆ ಗಾಡಿಯನ್ನು ತಂದು ನಿಲ್ಲಿಸಿದರು. ಎಲ್ಲಿಂದ ತಂದರು ಅಂತೀರಿ? ಬೆಂಗಳೂರಿನಿಂದ! ಅದು ನಮ್ಮೂರಿನವರೊಬ್ಬರ ಹತ್ತಿರವೇ ಇದೆ. ಅದೇ ತಿಂಗಳು ಧರ್ಮೇಂದ್ರ ತೀರಿಕೊಂಡರು. ಸವಾರ ಹೋದ, ಗಾಡಿ ನಿಂತೇ ಇದೆ.

ಆ ಗಾಡಿಯ ಒಡಹುಟ್ಟಿದ ತಮ್ಮನೊಬ್ಬ ನನಗೆ ಸಿಕ್ಕ. ಆದರೆ ನಿಂತಿರಲಿಲ್ಲ, ಮಲಗಿದ್ದ. ಅದೂ ಇಡಿಯಾಗಿ ಅಲ್ಲ, ನಾಲ್ಕು ಗೋಣಿಚೀಲದಲ್ಲಿ ತುಂಡು ತುಂಡಾಗಿ. ಸಿಕ್ಕ ಜಾಗ ವಿಮಾನಪುರ.

ಮೆಜೆಸ್ಟಿಕ್ಕಿನಲ್ಲಿ 335-ಇ ಬಸ್ಸು ಹತ್ತಿ. ದೊಮ್ಮಲೂರು ದಾಟಿ, ಮುರುಗೇಶಪಾಳ್ಯ ಕಳೆದು ಮುಂದೆ ಬಂದರೆ ಉದ್ದೋ ಉದ್ದ ಕಾಂಪೌಂಡು ಗೋಡೆ ಶುರುವಾಗುತ್ತದೆ. ಅದು ಎಚ್.ಎ.ಎಲ್. ಕಾರ್ಖಾನೆ. ನಮ್ಮ ನಾಡಿನಲ್ಲಿ ಊರಿಗೆ ಹೆಸರು ಬರುವುದು ಕೆರೆಯಿಂದ, ದೇವರಿಂದ, ಇಲ್ಲವೇ ಊರು ಕಟ್ಟಿಸಿದ ಗೌಡನಿಂದ. ಇಲ್ಲಿ ಹೆಸರು ಕೊಟ್ಟದ್ದು ವಿಮಾನ! 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಎಂಬ ಸಾಹಸಿ ಉದ್ಯಮಿ ಮೈಸೂರು ಸರ್ಕಾರದ ಜೊತೆ ಸೇರಿ ಕಾರ್ಖಾನೆ ಹಾಕಿದ. ಯುದ್ಧ ಜೋರಾದಾಗ 1943ರಲ್ಲಿ ಅಮೆರಿಕದ ಸೈನ್ಯ ಬಂದು ಕೂತು, ತನ್ನ ವಿಮಾನಗಳನ್ನು ಇಲ್ಲಿ ರಿಪೇರಿ ಮಾಡಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಘಾಟಗೆಯವರ ನೇತೃತ್ವದಲ್ಲಿ ಎಚ್.ಟಿ.-2 ಹಾರಿತು; 1961ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ಮಾರುತ್ ಜೆಟ್ ಹಾರಿತು. ಆ ಮಾರುತ್ ಈಗಲೂ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ, ಹೋಗಿ ನೋಡಿ.

ಇನ್ನೊಂದು ಮಾತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋಗುವ ತನಕ ಬೆಂಗಳೂರಿನ ಪ್ರಯಾಣಿಕರ ವಿಮಾನ ನಿಲ್ದಾಣ ಇದ್ದದ್ದು ಇಲ್ಲೇ. ಮದರಾಸಿನಿಂದ, ಬೊಂಬಾಯಿಯಿಂದ ತಾರೆಯರು ಹಾರಿ ಬಂದರೆ ಅವರ ಕಾಲು ಮೊದಲು ಮುಟ್ಟಿದ್ದು ವಿಮಾನಪುರದ ನೆಲವನ್ನೇ. ಈಗ ನಿಲ್ದಾಣ ಹೋಗಿದೆ, ರಸ್ತೆಗೆ ‘ಹಳೇ ಏರ್‌ಪೋರ್ಟ್ ರಸ್ತೆ’ ಅನ್ನೋ ಹೆಸರು ಮಾತ್ರ ಉಳಿದಿದೆ. ಹಾಲಿಲ್ಲದಿದ್ದರೂ ಹಾಲಿನ ಪಾತ್ರೆ ಅಂತ ಕರೀತೀವಲ್ಲ, ಹಾಗೆ.

ಅಣ್ಣಸಂದ್ರಪಾಳ್ಯದ ಕಡೆಗೆ ಒಂದು ಸಂದು. ಹೆಂಚಿನ ಮನೆಗಳೆಲ್ಲ ಮೂರಂತಸ್ತಿನ ಬಾಡಿಗೆ ಮನೆಗಳಾಗಿ ಬೆಳೆದ ಮೇಲೂ ಹಾಗೇ ಉಳಿದ ಒಂದು ತಗ್ಗಿನ ಮನೆ. ಅಲ್ಲೊಬ್ಬರು ‘ಹಳೇ ಇಂಗ್ಲಿಷ್ ಗಾಡಿ ಕೊಡ್ತಾರಂತೆ’ ಎಂದು ಸುದ್ದಿ ಕೊಟ್ಟವನು ಹಲಸೂರಿನ ನನ್ನ ಮೆಕ್ಯಾನಿಕ್ಕು. ಅವನನ್ನೂ ಕರೆದುಕೊಂಡೇ ಹೋದೆ. ಬಾಗಿಲು ತೆರೆದವರು ಎಪ್ಪತ್ತೈದರ ಆಸುಪಾಸಿನ ಒಬ್ಬ ತಾಯಿ. ಕೂತ್ಕೊಳ್ಳಿ ಅಂದರು, ನೀರು ಕೊಟ್ಟರು, ಕಾಫಿಗೆ ಇಟ್ಟರು.

“ಗಾಡಿ ಎಲ್ಲಮ್ಮಾ?” ಅಂದೆ.

“ನೀನು ಕೂತಿರೋದು ಅದರ ಮೇಲೇನೇ ಕಣಪ್ಪಾ!” ಅಂದರು.

ಮಂಚದ ಕೆಳಗೆ ಬಗ್ಗಿ ನೋಡಿದರೆ ನಾಲ್ಕು ಗೋಣಿಚೀಲ, ಬಾಯಿ ಹೊಲಿದದ್ದು. ಚಾಸಿ ಹಿತ್ತಿಲಿನಲ್ಲಿ, ಒಗೆಯುವ ಕಲ್ಲಿನ ಪಕ್ಕ ಗೋಡೆಗೊರಗಿತ್ತು. ಅದರ ಮೇಲೆ ಟವಲು ಒಣಗುತ್ತಿತ್ತು. ಚಕ್ರ ಎರಡೂ ನೀರಿನ ಡ್ರಮ್ಮಿನ ಹಿಂದೆ. ಪೆಟ್ರೋಲ್ ಟ್ಯಾಂಕು ಅಟ್ಟದ ಮೇಲೆ, ಮಗಳ ಶಾಲೆಯ ಪುಸ್ತಕದ ಜೊತೆ, ಬಟ್ಟೆ ಸುತ್ತಿಕೊಂಡು ಕೂತಿತ್ತು.

ಚೀಲ ಬಿಚ್ಚಿದೆವು. ಗೆಳೆಯರೇ, ಇಲ್ಲಿ ನಿಮ್ಮ ಎದೆ ಝಲ್ಲೆನ್ನುವ ಸಂಗತಿ ಇದೆ. ಒಂದೊಂದು ಸಾಮಾನನ್ನೂ ಗ್ರೀಸು ಸವರಿ ಕಾಗದದಲ್ಲಿ ಸುತ್ತಿಟ್ಟಿದ್ದರು. ಯಾವ ಕಾಗದ? ಸಿನಿಮಾ ವಾರಪತ್ರಿಕೆಯ ಹಾಳೆ! ಎಕ್ಸಾಸ್ಟ್ ವಾಲ್ವು ಸುತ್ತಿದ್ದ ಹಾಳೆಯಲ್ಲಿ ‘ಆಟೋ ರಾಜ’ನ ಶಂಕರ್‌ನಾಗ್. ಗೇರಿನ ಚಕ್ರಕ್ಕೆ ‘ವಸಂತ ಗೀತ’ದ ರಾಜಣ್ಣ. ಎರಡೂ 1980ರ ಚಿತ್ರಗಳು. ಜಿಡ್ಡು ಕುಡಿದು ಕುಡಿದು ಹಾಳೆ ಗಾಜಿನ ಹಾಗೆ ಪಾರದರ್ಶಕವಾಗಿತ್ತು, ಆದರೆ ಮುಖ ಮಾಸಿರಲಿಲ್ಲ. ನಟ್ಟು, ಬೋಲ್ಟು, ವಾಷರುಗಳನ್ನು ಬೇರೆ ಬೇರೆ ತಗಡಿನ ಡಬ್ಬಿಯಲ್ಲಿ ಹಾಕಿ, ಪ್ರತಿ ಡಬ್ಬಿಗೂ ದಾರ ಕಟ್ಟಿ, ಚೀಟಿಯಲ್ಲಿ ದುಂಡಗಿನ ಕನ್ನಡ ಅಕ್ಷರದಲ್ಲಿ ಬರೆದಿದ್ದರು: ‘ಗೇರ್ ಬಾಕ್ಸ್, ಎಡಗಡೆ, ಮೇಲಿನ ಎರಡು’. ಮತ್ತೆ ಜೋಡಿಸಬೇಕು ಅಂತ ಬಿಚ್ಚಿದವರ ಕೆಲಸ ಅದು. ಗುಜರಿಗೆ ಹಾಕುವವರು ಹೀಗೆ ಬಿಚ್ಚುವುದಿಲ್ಲ.

“ನಮ್ಮೆಜಮಾನ್ರು ಫ್ಯಾಕ್ಟರೀಲಿ ಫಿಟ್ಟರು,” ಅಂದರು ಅಮ್ಮ. “ಸ್ಟ್ರೈಕ್ ಟೈಮಲ್ಲಿ ಬಿಚ್ಚಿದ್ದು.”

ಯಾವ ಸ್ಟ್ರೈಕು ಅಂತ ಬೆಂಗಳೂರಿನ ಹಳಬರನ್ನು ಕೇಳಬೇಕಾಗಿಲ್ಲ. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ನೌಕರರೆಲ್ಲ ಒಟ್ಟಾಗಿ ನಡೆಸಿದ 77 ದಿನದ ಮುಷ್ಕರ. ಕೈ ಖಾಲಿ ಕೂತರೆ ಫಿಟ್ಟರಿಗೆ ನಿದ್ದೆ ಬರುತ್ತದೆಯೇ? ಹೊಗೆ ಉಗುಳುತ್ತಿದ್ದ ಎಂಜಿನ್ನನ್ನು ಇದೇ ಸಮಯ ಎಂದು ಬಿಚ್ಚಿದರು. ಮೊದಲ ತಿಂಗಳು ಕಳೆಯಿತು. ಎರಡನೇ ತಿಂಗಳು ಅಂಗಡಿಯವನು ಸಾಲ ನಿಲ್ಲಿಸಿದ. ಮನೆಯಲ್ಲಿ ಚಿಕ್ಕ ಮಗು.

“ಅದರಲ್ಲಿ ಕರೆಂಟು ಹುಟ್ಟಿಸೋ ಒಂದು ಸಾಮಾನು ಇತ್ತಂತೆ. ಚೀಲಕ್ಕೆ ಹಾಕ್ಕೊಂಡು ಶಿವಾಜಿನಗರಕ್ಕೆ ಹೋದ್ರು. ಬರೋವಾಗ ಅಕ್ಕಿ, ಬೇಳೆ, ಮಗೂಗೆ ಹಾಲಿನ ಪುಡಿ ತಂದ್ರು. ಅವತ್ತು ಮಾತಾಡ್ಲಿಲ್ಲ ಕಣಪ್ಪಾ.”

ಆ ಸಾಮಾನಿನ ಹೆಸರು ಲೂಕಾಸ್ ಮ್ಯಾಗ್ಡೈನೋ. ಕೆಳಗೆ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ, ಅದರ ಬೆನ್ನ ಮೇಲೆ ದೀಪಕ್ಕೆ ಆರು ವೋಲ್ಟು ಕೊಡುವ ಡೈನಮೋ, ಎರಡೂ ಒಂದೇ ಹಲ್ಲಿನ ಚಕ್ರದಿಂದ ತಿರುಗುವ ಜೋಡಿ. ಅದಿಲ್ಲದಿದ್ದರೆ ಎಂ-20 ಎಂಬುದು 167 ಕಿಲೋ ಕಬ್ಬಿಣ, ಅಷ್ಟೆ. ಬ್ಯಾಟರಿ ಸತ್ತರೂ ಈ ಗಾಡಿ ಓಡುತ್ತದೆ. ಮ್ಯಾಗ್ನೆಟೋ ಸತ್ತರೆ ಓಡುವುದಿಲ್ಲ.

ಮುಷ್ಕರ ಮುಗಿಯಿತು. ಸಾಲ ತೀರಿಸಬೇಕಿತ್ತು. ಓಟಿ ಮಾಡಿದರು, ಮಗಳನ್ನು ಓದಿಸಿದರು, ಲೂನಾ ತೆಗೆದುಕೊಂಡರು. ಚೀಲಗಳು ಮಂಚದ ಕೆಳಗೇ ಉಳಿದವು. ಆದರೆ ಒಂದು ಆಯುಧಪೂಜೆಯೂ ತಪ್ಪಲಿಲ್ಲ. ಎಂಜಿನ್ನಿನ ಚೀಲ ಬಿಚ್ಚಿ, ಕ್ರ್ಯಾಂಕ್‌ಕೇಸಿಗೆ ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಹೆಚ್ಚಿ, ಮತ್ತೆ ಹೊಲಿದಿಡುವುದು. ನಾನು ಕೈಗೆತ್ತಿಕೊಂಡಾಗ ಅಲ್ಯೂಮಿನಿಯಮ್ಮಿನ ಸಂದಿಯಲ್ಲಿ ಕುಂಕುಮ ಒಣಗಿ ಕಪ್ಪಾಗಿತ್ತು. ಅದನ್ನು ನಾನಿನ್ನೂ ತೊಳೆದಿಲ್ಲ.

ಈಗ ವ್ಯವಹಾರದ ಮಾತು. ಚೀಲದಲ್ಲಿರುವ ಗಾಡಿ ಕೊಳ್ಳುವಾಗ ಏನು ನೋಡಬೇಕು? ಹೊಳಪು ನೋಡಬೇಡಿ, ತುಕ್ಕನ್ನೂ ನೋಡಬೇಡಿ. ಎರಡಕ್ಕೂ ಮದ್ದಿದೆ. ಮೊದಲು ನಂಬರು ನೋಡಿ. ಚಾಸಿಯ ಮೇಲೊಂದು ನಂಬರು, ಸಿಲಿಂಡರಿನ ಬುಡದಲ್ಲಿ ಕ್ರ್ಯಾಂಕ್‌ಕೇಸಿನ ಮೇಲೊಂದು ನಂಬರು, ಯುದ್ಧಕಾಲದ್ದಾದರೆ ‘ಡಬ್ಲ್ಯು.ಎಂ. 20’ ಎಂದು ಶುರುವಾಗುತ್ತದೆ. ಎರಡೂ ಒಂದೇ ಆಗಿರಬೇಕು ಎಂದು ಹೇಳುವ ಪಂಡಿತರು ಸಿಗುತ್ತಾರೆ, ನಂಬಬೇಡಿ. ಆ ಕಾಲದ ಬಿ.ಎಸ್.ಎ. ಕಾರ್ಖಾನೆಯಿಂದ ಹೊರಬರುವಾಗಲೇ ಚಾಸಿಗೊಂದು, ಎಂಜಿನ್ನಿಗೊಂದು ಬೇರೆ ಬೇರೆ ನಂಬರು. ಮುಖ್ಯ ಸಂಗತಿ ಅಂದರೆ ಅವೆರಡೂ ಆರ್.ಸಿ. ಪುಸ್ತಕದ ನಂಬರಿನ ಜೊತೆ ಹೊಂದಬೇಕು.

ಆಮೇಲೆ ಕ್ರ್ಯಾಂಕ್‌ಕೇಸು ಎರಡು ಹೋಳು ಇರುತ್ತದಲ್ಲ, ಆ ಎರಡೂ ಹುಟ್ಟಿದಾಗಿನಿಂದ ಜೋಡಿಯೇ ಎಂದು ನೋಡಿ. ಎರಡನ್ನೂ ಒಟ್ಟಿಗೆ ಕಟ್ಟಿ ಕೊರೆದು ತಯಾರಿಸಿರುತ್ತಾರೆ. ಬೇರೆ ಎಂಜಿನ್ನಿನ ಅರ್ಧ ತಂದು ಕೂರಿಸಿದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಎಳೆದ ಹಾಗೆ. ಎಂಜಿನ್ ಕಟ್ಟುವ ಕಿವಿಗಳಲ್ಲಿ ಬಿರುಕು ಇದೆಯೇ, ಸಿಲಿಂಡರಿನ ರೆಕ್ಕೆ ಮುರಿದಿದೆಯೇ ನೋಡಿ. ಪಿಸ್ಟನ್, ರಿಂಗು, ಬೇರಿಂಗು ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಇಂಗ್ಲೆಂಡಿನಿಂದ ಇವತ್ತಿಗೂ ತರಿಸಬಹುದು. ಎರಡನೇ ಮಹಾಯುದ್ಧದಲ್ಲಿ 1 ಲಕ್ಷ 26 ಸಾವಿರದಷ್ಟು ಎಂ-20 ತಯಾರಾದವು. ಅಷ್ಟು ದೊಡ್ಡ ಸಂಸಾರಕ್ಕೆ ಅಂಗಡಿ ಮುಚ್ಚುವುದಿಲ್ಲ.

ಅಂದ ಹಾಗೆ, ಈ ಗಾಡಿಯನ್ನು ‘ವೇಗದೂತ’ ಅಂತ ಭಾವಿಸಿ ಕೊಳ್ಳುವವರು ಕೊಳ್ಳಬೇಡಿ. 496 ಸಿ.ಸಿ. ಎಂಜಿನ್ನು, ಶಕ್ತಿ ಮಾತ್ರ 13 ಕುದುರೆ. ಇವತ್ತಿನ 150 ಸಿ.ಸಿ. ಹುಡುಗ ಇದನ್ನು ಹಿಂದೆ ಹಾಕಿ ಹೋಗುತ್ತಾನೆ. ವಾಲ್ವುಗಳು ಈಗಿನ ಹಾಗೆ ತಲೆಯ ಮೇಲಿಲ್ಲ, ಸಿಲಿಂಡರಿನ ಪಕ್ಕದಲ್ಲಿ ನಿಂತಿವೆ. ಒತ್ತಡವೂ ಕಡಿಮೆ, 4.9ಕ್ಕೆ 1. ಯುದ್ಧಭೂಮಿಯಲ್ಲಿ ಎಂಥ ಕೆಟ್ಟ ಪೆಟ್ರೋಲು ಸಿಕ್ಕರೂ ಓಡಲಿ, ಎಂಥ ಸಿಪಾಯಿ ಸುತ್ತಿಗೆ ಹಿಡಿದರೂ ರಿಪೇರಿ ಆಗಲಿ ಅಂತ ಮಾಡಿದ ಗಾಡಿ. ಹಿಂದುಗಡೆ ಶಾಕ್ ಅಬ್ಸಾರ್ಬರ್ ಇಲ್ಲವೇ ಇಲ್ಲ, ಸೀಟಿನ ಸ್ಪ್ರಿಂಗೇ ಗತಿ. ಬೆಂಗಳೂರಿನ ಈಗಿನ ಗುಂಡಿಗಳಿಗೆ ನಿಮ್ಮ ಬೆನ್ನೆಲುಬೇ ಲೆಕ್ಕ ಕೊಡಬೇಕು!

ಟ್ಯಾಂಕಿನ ಕೆಂಪು ಬಣ್ಣವನ್ನು ಉಗುರಿನಿಂದ ಕೆರೆದೆ. ಕೆಳಗೆ ಕಪ್ಪು. ಅದರ ಕೆಳಗೆ ಖಾಕಿ. ಖಾಕಿಯ ಮೇಲೆ ಬಿಳಿಯ ಅಚ್ಚಿನಲ್ಲಿ ‘ಸಿ’ ಎಂಬ ಇಂಗ್ಲಿಷ್ ಅಕ್ಷರ, ಅದರ ಹಿಂದೆ ಅಂಕಿಗಳು. ಬ್ರಿಟಿಷ್ ಸೈನ್ಯ ತನ್ನ ಮೋಟಾರ್ ಸೈಕಲ್ಲುಗಳಿಗೆ ಕೊಡುತ್ತಿದ್ದ ಲೆಕ್ಕದ ನಂಬರು ಅದು. ಯುದ್ಧ ಮುಗಿದ ಮೇಲೆ ದಂಡಿನ ಗಾಡಿಗಳು ಹರಾಜಿಗೆ ಬಂದು ಊರವರ ಕೈ ಸೇರಿದವು. ಈ ಗಾಡಿಯೂ ಹಾಗೇ ಇಳಿದು ಬಂದದ್ದು.

ನನಗಿಂತ ಮುಂಚೆ ಇಬ್ಬರು ಬಂದು ಹೋಗಿದ್ದರು. ಒಬ್ಬ ಗುಜರಿಯವನು, ತೂಕದ ಲೆಕ್ಕ. ಕೆಜಿಗೆ ಮೂವತ್ತು ಹಿಡಿದರೂ ಐದು ಸಾವಿರ. ಇನ್ನೊಬ್ಬ ಸಿನಿಮಾದವನು. ಹಳೆಯ ಕಾಲದ ಕತೆಯ ಒಂದು ಚಿತ್ರಕ್ಕೆ ಗಾಡಿ ಬೇಕಂತೆ. ಆದರೆ ಪೂರ್ತಿ ಬೇಡ, ಟ್ಯಾಂಕು ಮತ್ತು ಮುಂದಿನ ಗರ್ಡರ್ ಫೋರ್ಕು ಸಾಕಂತೆ; ಒಂದು ಬುಲೆಟ್ಟಿಗೆ ತೊಡಿಸಿ ವೇಷ ಹಾಕುತ್ತಾನಂತೆ. ಅವೆರಡಕ್ಕೇ ನಾನು ಪೂರ್ತಿ ಗಾಡಿಗೆ ಕೊಡಬಹುದಾಗಿದ್ದಷ್ಟು ಹಣ ಹೇಳಿದ್ದ. ಸಿನಿಮಾ ಅಂದರೆ ಪ್ರಾಣ ಬಿಡುವವನು ನಾನು, ಆದರೂ ಕೇಳಿ ಹೊಟ್ಟೆ ತೊಳಸಿತು.

“ಅವನಿಗೆ ಯಾಕೆ ಕೊಡ್ಲಿಲ್ಲಮ್ಮಾ?”

“ತಲೆ ಅವನಿಗೆ, ಮುಂಡ ಗುಜರಿಗೆ ಅಂದ್ರೆ ಹೇಗಪ್ಪಾ? ಅವರು ಚೀಟಿ ಕಟ್ಟಿ ಇಟ್ಟಿದ್ದು ಅದಕ್ಕಾ? ನೋಡು, ದುಡ್ಡು ಸ್ವಲ್ಪ ಕಮ್ಮಿ ಕೊಟ್ರೂ ಪರವಾಗಿಲ್ಲ. ಬಿಡಿಬಿಡಿಯಾಗಿ ಮಾರಲ್ಲ ಅಂತ ಮಾತು ಕೊಡು. ಜೋಡಿಸ್ತೀಯಾ?”

ಜೋಡಿಸ್ತೀನಿ ಅಂದೆ. 90,000 ರೂಪಾಯಿಗೆ ಮಾತಾಯಿತು.

ಕಾಗದ ಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ಬೇಗ ಮುಗಿಯುವ ವಿಷಯವಲ್ಲ! ಆರ್.ಸಿ. ಇತ್ತು. ‘ಎಂ.ವೈ.’ ಎಂದು ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರು, ‘ಕೆ.ಎ.’ ಬಂದದ್ದು 1989ರಲ್ಲಿ. ಆದರೆ ಪುಸ್ತಕ ಯಜಮಾನರ ಹೆಸರಿನಲ್ಲಿ. ಅವರು ತೀರಿಕೊಂಡಿರುವುದರಿಂದ ಮೊದಲು ಫಾರಂ 31 ತುಂಬಿ ಅಮ್ಮನ ಹೆಸರಿಗೆ ಮಾಡಿಸಬೇಕು, ಆಮೇಲೆ 29, 30 ತುಂಬಿ ನನ್ನ ಹೆಸರಿಗೆ. ಅದಕ್ಕೂ ಮುಂಚೆ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ, ಗಾಡಿಯ ಮೇಲೆ ಸಾಲ, ಕೇಸು ಏನೂ ಇಲ್ಲವೆಂದು ನೋಡಿಕೊಳ್ಳಬೇಕು. ಚೀಲದ ಗಾಡಿ ಅಂದರೆ ಕಳ್ಳಮಾಲು ಇರಬಹುದು, ಹುಷಾರು. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ದಾಟಿದ ಗಾಡಿಗಳಿಗೆ ಬೇರೆಯೇ ನಿಯಮ ಮಾಡಿದೆ. ಹೊಸದಾಗಿ ನೋಂದಾಯಿಸಿದರೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಊರ್ಜಿತ, ನಂಬರಿನ ನಡುವೆ ‘ವಿ.ಎ.’ ಎಂಬ ಅಕ್ಷರ. ಹಳೇ ನಂಬರಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲು ಹಾಕಿಸಲು, ರಿಪೇರಿಗೆ ಓಡಿಸಬಹುದು. ದಿನಾ ಆಫೀಸಿಗೆ ಹೋಗುವಂತಿಲ್ಲ. ಆದ್ದರಿಂದ ಹಳೇ ಪುಸ್ತಕ ಹರಿದಿದ್ದರೂ ಎಸೆಯಬೇಡಿ. ಎಷ್ಟೋ ಸಲ ಗಾಡಿಗಿಂತ ಪುಸ್ತಕಕ್ಕೇ ಬೆಲೆ.

ಒಂದು ಭಾನುವಾರ ಲಗೇಜು ಆಟೋ ತಂದು ಎಲ್ಲವನ್ನೂ ಏರಿಸಿದೆವು. ಸುರಂಜನ್ ದಾಸ್ ರಸ್ತೆಯಿಂದ ಹಳೇ ಮದರಾಸು ರಸ್ತೆಗೆ ಬಂದು ಹಲಸೂರಿಗೆ. ಈ ರಸ್ತೆಯಲ್ಲಿ ದಿನಾ ಓಡಾಡುವ ಹುಡುಗರಲ್ಲಿ ಸುರಂಜನ್ ದಾಸ್ ಯಾರೆಂದು ಎಷ್ಟು ಮಂದಿಗೆ ಗೊತ್ತೋ! ಮಾರುತ್ ವಿಮಾನವನ್ನು 1961ರಲ್ಲಿ ಮೊಟ್ಟಮೊದಲು ಆಕಾಶಕ್ಕೆ ಏರಿಸಿದ ಪೈಲಟ್ಟು. 1970ರ ಜನವರಿಯಲ್ಲಿ ಅದೇ ಮಾರುತ್ ಹಾರಿಸುವಾಗ ಬಿದ್ದು ಪ್ರಾಣ ಬಿಟ್ಟವರು. ಹೀರೋ ಅಂದರೆ ಅವರು. ಡ್ಯೂಪ್ ಇಲ್ಲದೆ!

ಹಲಸೂರಿನ ಕಡೆ ಬಂದಾಗ ನನ್ನ ಕಣ್ಣು ತಾನಾಗಿ ಲಿಡೋ ಇದ್ದ ದಿಕ್ಕಿಗೆ ಹೋಯಿತು. ದಂಡಿನ ಹುಡುಗರಿಗೆ ಇಂಗ್ಲಿಷ್ ಗಾಡಿಯ ಹುಚ್ಚು ಹಿಡಿಸಿದ್ದೇ ಇಂಗ್ಲಿಷ್ ಚಿತ್ರಗಳು. ‘ದಿ ಗ್ರೇಟ್ ಎಸ್ಕೇಪ್’ನಲ್ಲಿ ಸ್ಟೀವ್ ಮೆಕ್ವೀನ್ ಜರ್ಮನ್ನರಿಂದ ತಪ್ಪಿಸಿಕೊಂಡು ಬೇಲಿ ಹಾರುತ್ತಾನಲ್ಲ, ಅದು ಜರ್ಮನ್ ಗಾಡಿಯ ವೇಷ ಹಾಕಿದ ಇಂಗ್ಲಿಷ್ ಟ್ರಯಂಫ್, ಆ ದೊಡ್ಡ ನೆಗೆತ ನೆಗೆದವನು ಮೆಕ್ವೀನ್ ಅಲ್ಲ, ಅವನ ಗೆಳೆಯ ಬಡ್ ಎಕಿನ್ಸ್. ‘ಲಾರೆನ್ಸ್ ಆಫ್ ಅರೇಬಿಯಾ’ ಶುರುವಾಗುವುದೇ ನಾಯಕ ಬ್ರೋ ಸುಪೀರಿಯರ್ ಗಾಡಿಯಿಂದ ಬಿದ್ದು ಸಾಯುವುದರಿಂದ. ಆ ಕಾಲದ ಲಿಡೋ ಮಾಲ್ ಆಯಿತು, ಪ್ಲಾಜಾ ಮೆಟ್ರೋ ನಿಲ್ದಾಣಕ್ಕೆ ಜಾಗ ಬಿಟ್ಟಿತು, ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು. ಲಗೇಜು ಆಟೋದ ಹಿಂದೆ ಚಾಸಿ ಹಿಡಿದುಕೊಂಡು ಕೂತಿದ್ದ ನನಗೆ ಇಂಗ್ಲಿಷ್ ಕಾಲದ್ದು ಅಂತ ಉಳಿದದ್ದು ಇದೊಂದೇ ಅನ್ನಿಸಿತು.

ಜೋಡಿಸುವ ಕೆಲಸ ಶುರುವಾಯಿತು. ಶುರುವಾದ ಅರ್ಧ ಗಂಟೆಗೆ ನಿಂತಿತು. ಮೆಕ್ಯಾನಿಕ್ಕಿನ ಹತ್ತಿರ ಇರುವ ಸ್ಪ್ಯಾನರುಗಳಲ್ಲಿ ಒಂದೂ ಹೊಂದಲಿಲ್ಲ! 13ರದ್ದು ನಟ್ಟಿನೊಳಗೆ ಇಳಿಯದು, 14ರದ್ದು ಜಾರುತ್ತದೆ. ಮಿಲಿಮೀಟರಿನ ಲೆಕ್ಕಕ್ಕೂ ಸಿಗದು, ಅಮೆರಿಕದ ಇಂಚಿನ ಲೆಕ್ಕಕ್ಕೂ ಸಿಗದು. ಇದು ವಿಟ್‌ವರ್ತ್ ಲೆಕ್ಕ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲಿಷ್ ಎಂಜಿನಿಯರು ಇಡೀ ದೇಶದ ಬೋಲ್ಟುಗಳಿಗೆ ಒಂದೇ ನಿಯಮ ಮಾಡಿದ. ಥ್ರೆಡ್ಡಿನ ಕೋನ 55 ಡಿಗ್ರಿ. ಈಗ ಎಲ್ಲೆಡೆ ಇರುವುದು 60. ಇನ್ನೊಂದು ತಮಾಷೆ ಕೇಳಿ: ಆ ಸ್ಪ್ಯಾನರಿನ ಮೇಲೆ ಬರೆದಿರುವುದು ನಟ್ಟಿನ ಅಗಲವಲ್ಲ, ಒಳಗಿನ ಬೋಲ್ಟಿನ ದಪ್ಪ. ಕಾಲು ಇಂಚು ಎಂದು ಬರೆದ ಸ್ಪ್ಯಾನರಿನ ಬಾಯಿ ಅಳೆದರೆ ಅರ್ಧ ಇಂಚಿಗಿಂತ ದೊಡ್ಡದು, 13.3 ಮಿಲಿಮೀಟರು. ತಲೆ ಕೆಡುವುದಿಲ್ಲವೇ?

“ಅಣ್ಣಾ, 14 ಹಾಕಿ ಒಂದು ಏಟು ಕೊಡ್ಲಾ?” ಅಂದ ಹುಡುಗ. ಬೇಡ ಅಂದು ಮತ್ತೆ ವಿಮಾನಪುರದ ಬಸ್ಸು ಹತ್ತಿದೆ.

ಅಮ್ಮ ಮೂರು ಮನೆ ಆಚೆ ಕರೆದುಕೊಂಡು ಹೋದರು. ಎಂಬತ್ಮೂರು ವರ್ಷದ ತಾತ. ಟೂಲ್ ರೂಮಿನಲ್ಲಿ ಮೂವತ್ತೈದು ವರ್ಷ ದುಡಿದವರು. ಕಿವಿ ಸ್ವಲ್ಪ ಮಂದ, ಬೆರಳು ಮಂದವಲ್ಲ. ನಮ್ಮ ದೇಶ ಅಡಿ, ಸೇರು ಬಿಟ್ಟು ಮೀಟರು, ಕಿಲೋಗೆ ಬಂದದ್ದು 1956ರ ಕಾಯ್ದೆಯಿಂದ. ಜಾರಿಯಾಗಿ ಮುಗಿಯುವ ಹೊತ್ತಿಗೆ 1962. ಆದರೆ ಕಾರ್ಖಾನೆಯಲ್ಲಿ ಮಾರುತ್ತಿಗೆ ಹಾಕುತ್ತಿದ್ದ ಆರ್ಫಿಯಸ್ ಎಂಜಿನ್ನು ಇಂಗ್ಲೆಂಡಿನದು, ನಕ್ಷೆ ಇಂಗ್ಲೆಂಡಿನದು, ಅಳತೆ ಇಂಚಿನದು. ಹೀಗಾಗಿ ಪೇಟೆಯಲ್ಲಿ ಇಂಚು ಸತ್ತ ಮೇಲೂ ವಿಮಾನಪುರದ ಕೆಲಸಗಾರರ ಕೈಯಲ್ಲಿ ಬದುಕಿತ್ತು. ಇಂಚನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಅವರು ‘ಥೌ’ ಅನ್ನುತ್ತಾರೆ.

ತಾತ ಮಂಚದ ಕೆಳಗಿನಿಂದ ಕ್ಯಾನ್ವಾಸ್ ಸುರುಳಿ ತೆಗೆದು ಹಾಸಿದರು. ವಿಟ್‌ವರ್ತ್ ಸ್ಪ್ಯಾನರುಗಳು, ಚಿಕ್ಕದರಿಂದ ದೊಡ್ಡದರ ತನಕ, ಮದುವೆಯ ಫೋಟೋಕ್ಕೆ ನಿಂತ ಸಂಸಾರದ ಹಾಗೆ!

“ಇದು ಕಂಪನಿದಲ್ಲ ತಮ್ಮಾ, ನನ್ನ ಸ್ವಂತದ್ದು,” ಎಂದು ಮೊದಲೇ ಹೇಳಿಬಿಟ್ಟರು.

ಆಮೇಲೆ ಪ್ರತಿ ಭಾನುವಾರ ಅವರನ್ನು ಆಟೋದಲ್ಲಿ ಹಲಸೂರಿಗೆ ಕರೆತರುತ್ತಿದ್ದೆವು. ಕುರ್ಚಿ ಹಾಕಿ ಕೂರಿಸಿ, ಸ್ಟ್ರಾಂಗ್ ಟೀ ಕೊಟ್ಟರೆ ಸಾಕು. ಸಿಲಿಂಡರಿನೊಳಗೆ ಮೊದಲು ಬೆರಳಿಟ್ಟು, ಆಮೇಲೆ ಮೈಕ್ರೋಮೀಟರು ಇಟ್ಟು ಅಳೆದರು. “ಇಪ್ಪತ್ತು ಥೌ ಬೋರು ಮಾಡಿಸಿ, ಅಷ್ಟೇ ದೊಡ್ಡ ಪಿಸ್ಟನ್ ತರಿಸು,” ಅಂದರು. ಬೆರಳು ಹೇಳಿದ್ದೂ ಯಂತ್ರ ಹೇಳಿದ್ದೂ ಒಂದೇ. ಮೆಕ್ಯಾನಿಕ್ ಹುಡುಗ ಬಾಯಿ ಬಿಟ್ಟುಕೊಂಡು ನೋಡಿದ. ಈಗ ಅವನೂ ‘ಥೌ’ ಅನ್ನುತ್ತಾನೆ, ಬೀಡಿ ಸೇದುವುದನ್ನು ಅವರ ಎದುರು ಬಿಟ್ಟಿದ್ದಾನೆ.

ತಾತ ಹೋದರೆ ಈ ಬೀದಿಯಲ್ಲಿ ಆ ಸುರುಳಿ ಬಿಚ್ಚುವವರು ಇಲ್ಲ. ಮಗ ಅಮೆರಿಕದಲ್ಲಿ ಕಂಪ್ಯೂಟರು. ಮೊಮ್ಮಗ ಕೇಳಿದನಂತೆ, ‘ತಾತಾ, ಇದೆಲ್ಲ ಗುಜರಿಗೆ ಹಾಕಬಹುದಲ್ಲ?’ ಅಂತ. ಆದ್ದರಿಂದ ನಾನು ಅವಸರದಲ್ಲಿದ್ದೇನೆ. ಪಿಸ್ಟನ್ ಇನ್ನೈವತ್ತು ವರ್ಷ ಬಿಟ್ಟರೂ ಇಂಗ್ಲೆಂಡಿನಲ್ಲಿ ಸಿಗಬಹುದು, ವಿಮಾನಪುರದ ತಾತ ಸಿಗುವುದಿಲ್ಲ.

ಕತೆಯ ವಿಚಿತ್ರ ನೋಡಿ. ಒಂದು ಕಾಲಕ್ಕೆ ಪ್ರಪಂಚದಲ್ಲೇ ದೊಡ್ಡದು ಎನಿಸಿದ್ದ ಬಿ.ಎಸ್.ಎ. ಮೋಟಾರ್ ಸೈಕಲ್ ಕಂಪನಿ 1973ರ ಹೊತ್ತಿಗೆ ಮುಳುಗಿತು. 2016ರಲ್ಲಿ ಆ ಹೆಸರನ್ನು ಕೊಂಡುಕೊಂಡದ್ದು ನಮ್ಮ ಮಹೀಂದ್ರ ಬಳಗದ ಕ್ಲಾಸಿಕ್ ಲೆಜೆಂಡ್ಸ್. ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳಿಗೆ ಮರುಜನ್ಮ ಕೊಟ್ಟವರೂ ಅವರೇ. 2024ರ ಆಗಸ್ಟ್ 15ರಂದು, ಬೇಕೆಂದೇ ಆ ದಿನ ನೋಡಿ, 652 ಸಿ.ಸಿ.ಯ ಹೊಸ ಗೋಲ್ಡ್ ಸ್ಟಾರ್ ಭಾರತದಲ್ಲಿ ಬಿಡುಗಡೆಯಾಯಿತು. ತಾತನಿಗೆ ಹೇಳಿದೆ. “ದೊರೆಗಳ ಕಂಪನಿ ನಮ್ಮವರ ಜೇಬಿಗೆ ಬಂತಾ? ಸರಿ, ಆ ಮೂರನೇ ನಂಬರ್ ಸ್ಪ್ಯಾನರ್ ಕೊಡು,” ಅಂದರು.

ಇಷ್ಟೆಲ್ಲ ಆದ ಮೇಲೂ ಎಂಜಿನ್ನಿನ ಹಿಂದೆ ಒಂದು ಜಾಗ ಖಾಲಿ. ಮ್ಯಾಗ್ಡೈನೋ ಕೂರುವ ಜಾಗ. ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳು ನಿಮಗೆ ಗೊತ್ತಲ್ಲ. ಒಂದು ಕಡೆ ಹೂವು, ಒಂದು ಕಡೆ ಮೀನು, ಇನ್ನೊಂದು ಕಡೆ ಬಿಚ್ಚಿದ ಗಾಡಿಗಳ ಕರುಳು. ಬಿಳಿಗಡ್ಡದ ಒಬ್ಬ ಅಂಗಡಿ ಸಾಹೇಬರು ಕೈಯಲ್ಲಿದ್ದ ಕಾರ್ಬುರೇಟರನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು ಮುಖ ನೋಡಿದರು.

“ಮ್ಯಾಗ್ಡೈನೋ! ನಮ್ಮ ಅಬ್ಬಾ ಕಾಲದಲ್ಲಿ ತಟ್ಟೆ ತುಂಬ ಇರ್ತಿತ್ತು ಸಾರ್. ಸ್ಟ್ರೈಕ್ ಟೈಮಲ್ಲಿ ಫ್ಯಾಕ್ಟರಿಯವ್ರು ತಂದು ತಂದು ಕೊಡ್ತಿದ್ರು. ಒಬ್ರು ಮಾತ್ರ ಆಮೇಲೂ ಬರ್ತಿದ್ರು. ಪ್ರತಿ ತಿಂಗಳು ಸಂಬಳ ಆದ ವಾರ. ಎಲ್ಲಾ ಮ್ಯಾಗ್ಡೈನೋನೂ ತಿರುಗಿಸಿ ಕೆಳಗೆ ನೋಡೋರು, ಇಟ್ಟು ಹೋಗೋರು. ತಗೊಳ್ತಾ ಇರ್ಲಿಲ್ಲ.”

ಯಾಕೆ ಕೆಳಗೆ ನೋಡುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಚೀಲದ ಪ್ರತಿ ದೊಡ್ಡ ಸಾಮಾನಿನ ಅಡಿಯಲ್ಲೂ, ಕಣ್ಣಿಗೆ ಬೀಳದ ಜಾಗದಲ್ಲಿ, ಅವರು ಅಂಕಿಯ ಪಂಚು ಇಟ್ಟು ಹೊಡೆದಿದ್ದರು. ಗೇರ್ ಬಾಕ್ಸಿನಡಿಯಲ್ಲಿ ಇದೆ, ಎಣ್ಣೆ ಟ್ಯಾಂಕಿನಡಿಯಲ್ಲಿ ಇದೆ, ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಇದೆ. ಅದು ಕಾರ್ಖಾನೆಯಲ್ಲಿ ಅವರ ಟೋಕನ್ ನಂಬರು. ಬೇರೆ ಮ್ಯಾಗ್ಡೈನೋ ಕೊಳ್ಳಲು ಆಮೇಲೆ ಅವರ ಹತ್ತಿರ ದುಡ್ಡಿಲ್ಲದೆ ಇರಲಿಲ್ಲ. ಅವರಿಗೆ ತಮ್ಮದೇ ಬೇಕಿತ್ತು.

ನಾನು ಬೇರೆಯದಾದರೂ ಸಾಕು ಎನ್ನುವವನು, ಒಂದನ್ನು ಇಂಗ್ಲೆಂಡಿನಿಂದ ತರಿಸಲು ಹೇಳಿಯೂ ಇದ್ದೇನೆ. ಅದು ಬಂದರೆ ಹೊಸ ತಂತಿ ಸುತ್ತಿಸಿ, ಆಯಸ್ಕಾಂತಕ್ಕೆ ಬಲ ತುಂಬಿಸಿ, ಬರುವ ಆಯುಧಪೂಜೆಗೆ ಎಂಜಿನ್ನಿಗೆ ದನಿ ಬರಿಸುವುದು ಎಂದು ತಾತನ ಲೆಕ್ಕ. ಟ್ಯಾಂಕಿನ ನಲ್ಲಿಯ ಹಳೇ ಕಾರ್ಕು ಮಾತ್ರ ತೆಗೆದು ಹೊಸ ನಲ್ಲಿ ಹಾಕಿದ್ದೇನೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲು, ಹಳೇ ಕಾರ್ಕು, ರಬ್ಬರುಗಳು ಅದಕ್ಕೆ ತಾಳುವುದಿಲ್ಲ.

ಆದರೂ ಓದುಗ ಮಿತ್ರರೇ, ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ, ಯಾರ ಗ್ಯಾರೇಜಿನ ಮೂಲೆಯಲ್ಲಾದರೂ, ಅಜ್ಜನೋ ಚಿಕ್ಕಪ್ಪನೋ 1981ರಲ್ಲಿ ಶಿವಾಜಿನಗರದಿಂದ ತಂದಿಟ್ಟ ಒಂದು ಲೂಕಾಸ್ ಮ್ಯಾಗ್ಡೈನೋ ಬಿದ್ದಿದ್ದರೆ, ದಯವಿಟ್ಟು ಧೂಳು ಒರೆಸಿ, ಅಡಿಮೇಲು ಮಾಡಿ ನೋಡಿ. ಅಡಿಯಲ್ಲಿ ಪಂಚಿನಿಂದ ಹೊಡೆದ ಅಂಕಿಗಳಿದ್ದರೆ ಈ ಪತ್ರಿಕೆಗೆ ಬರೆದು ತಿಳಿಸಿ. ಅಂಕಿ ಯಾವುದೆಂದು ನಾನು ಇಲ್ಲಿ ಹೇಳುವುದಿಲ್ಲ, ನೀವೇ ಹೇಳಬೇಕು.